ರೋಹಿಣಿ ಕಟ್ಟಿದ ಗಾಲಿ

ಮಾವಳ್ಳಿಯಲ್ಲಿ ಹೆದ್ದಾರಿಯ ಬದಿಗೆ ದೇವರಾಜ ನಾಯ್ಕನ ಸೈಕಲ್ ಅಂಗಡಿ ಇತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ದೇವರಾಜ ಅದಕ್ಕಾಗಿ ಹೆಚ್ಚು ಗೋಳಾಡಲಿಲ್ಲ. ಪಂಪು, ಪಾನಾ, ತುಕ್ಕು ಹಿಡಿದ ಡಬ್ಬಗಳನ್ನೆಲ್ಲ ಮನೆಗೆ ಸಾಗಿಸಿ, ಜಗಲಿಗೆ ತಗಡಿನ ಮಾಡು ಇಳಿಸಿಕೊಂಡು ಅಲ್ಲೇ ಕೂತ. ಗಿರಾಕಿಗಳು ಮನೆ ಹುಡುಕಿಕೊಂಡು ಬಂದರು. ಬಾರದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಪಂಕ್ಚರ್ ಹಾಕುವವರು ಊರಿಗೊಬ್ಬರಂತೆ ಇದ್ದರು. ಆದರೆ ಬರೀ ಹಬ್ಬು, ಬರೀ ರಿಮ್ಮು, ಒಂದು ಕಟ್ಟು ಕಡ್ಡಿ ತಂದು ಮುಂದಿಟ್ಟರೆ ಸಂಜೆಯೊಳಗೆ ಗಾಲಿ ಮಾಡಿ ಕೊಡುವವನು ಶಿರಾಲಿಯಿಂದ ಮಂಕಿಯವರೆಗೆ ಅವನೊಬ್ಬನೇ ಉಳಿದಿದ್ದ.

ಅವನ ಹೆಂಡತಿ ರೋಹಿಣಿಗೆ ಈ ಕೆಲಸದ ಮೇಲೆ ಅಂಥ ಆಸ್ಥೆಯೇನೂ ಇರಲಿಲ್ಲ. ಅವಳು ಕತಗಾಲ ಕಡೆಯವಳು, ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದವನು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅತ್ತೆಯಿಂದ ಮಲ್ಲಿಗೆ ಕಟ್ಟುವುದನ್ನು ಕಲಿತಳು. ಹಿತ್ತಲಲ್ಲಿ ಒಂದಷ್ಟು ಗಿಡ ಮಾಡಿಕೊಂಡು, ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಭಟ್ಕಳದ ಪೇಟೆಗೆ ಕಳಿಸುತ್ತಿದ್ದಳು. ಜಗಲಿಯ ಒಂದು ತುದಿಯಲ್ಲಿ ಅವಳ ಹೂವು, ಇನ್ನೊಂದು ತುದಿಯಲ್ಲಿ ಅವನ ಗ್ರೀಸು. ನಡುವೆ ಒಂದು ಗೋಣಿ ಹಾಸಿತ್ತು. ಅದನ್ನು ದಾಟಿ ಎಣ್ಣೆಯ ಕೈ ಈಚೆ ಬರಬಾರದೆಂಬುದು ಅವಳ ಕಟ್ಟುನಿಟ್ಟು.

ಚೌತಿ ಹಬ್ಬ ಮುಗಿದ ವಾರ, ಬೆಳಿಗ್ಗೆ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾಗ ದೇವರಾಜ ಪಂಪಿನ ಮೇಲೆಯೇ ವಾಲಿ ಕೂತುಬಿಟ್ಟ. ಲಕ್ವ ಅಂದರು. ಮಣಿಪಾಲಕ್ಕೆ ಕರೆದೊಯ್ದರು. ಜೀವಕ್ಕೆ ತೊಂದರೆಯಾಗಲಿಲ್ಲ. ಮಾತು ಸ್ವಲ್ಪ ತೊದಲಿ ಮತ್ತೆ ಸರಿಯಾಯಿತು, ಕಾಲೆಳೆದುಕೊಂಡಾದರೂ ನಡೆಯುವಂತಾದ. ಬಲಗೈ ಮಾತ್ರ ಮರಳಲಿಲ್ಲ. ಭುಜದಿಂದ ಎತ್ತಬಲ್ಲವನಾಗಿದ್ದ, ಬೆರಳಲ್ಲಿ ಹಿಡಿತವಿರಲಿಲ್ಲ. ಚಾ ಲೋಟ ಕೊಟ್ಟರೆ ಜಾರುತ್ತಿತ್ತು.

ಮನೆಗೆ ಬಂದ ದಿನವೇ ಅವನು ಹತ್ಯಾರಗಳ ಮೇಲೆ ಗೋಣಿ ಮುಚ್ಚಿಸಿದ. ಆಮೇಲೆ ಆ ಕಡೆ ಮುಖ ಹಾಕಲಿಲ್ಲ. ಒಳಗಿನ ಕೋಣೆಯಲ್ಲಿ ಟೀವಿ ಹಚ್ಚಿಕೊಂಡು ಕೂರುತ್ತಿದ್ದ, ಆದರೆ ನೋಡುತ್ತಿರಲಿಲ್ಲ. ಹಿಂದೆ ಊರಿಗೆಲ್ಲ ಕೇಳುವಂತೆ ನಗುತ್ತಿದ್ದ ಮನುಷ್ಯ. ಮಗಳು ಅಂಕಿತಾ ಕುಂದಾಪುರದಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಫೋನು ಮಾಡಿದರೆ "ಅಡ್ಡಿಲ್ಲ, ಆರಾಮಿದ್ದೆ" ಎಂದು ಎರಡೇ ಶಬ್ದದಲ್ಲಿ ಮುಗಿಸುತ್ತಿದ್ದ. ರೋಹಿಣಿಗೆ ಅವನ ಕೈಗಿಂತ ಈ ಮೌನದ್ದೇ ಹೆದರಿಕೆಯಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಪಾಂಡು ಬಂದ. ತೆಂಗಿನಗುಂಡಿ ಬಂದರಿನಿಂದ ಮೀನು ತಂದು ಒಳಗಿನ ಊರುಗಳಿಗೆ ಸೈಕಲ್ಲಿನ ಮೇಲೆ ಮಾರುವವನು. ಅವನ ಓರಗೆಯವರೆಲ್ಲ ಮೊಪೆಡ್ಡಿಗೆ ಹೋಗಿ ವರ್ಷಗಳಾಗಿದ್ದವು. ಪಾಂಡುವಿಗೆ ಇಂಜಿನ್ನಿನ ಸದ್ದು ಕಂಡರಾಗದು. ಹಿಂದಿನ ಕ್ಯಾರಿಯರ್ ಮೇಲೆ ಎರಡು ಪೆಟ್ಟಿಗೆ ಮೀನು, ಮಂಜುಗಡ್ಡೆ, ತಕ್ಕಡಿ. ಅಷ್ಟು ಭಾರ ಹೊತ್ತು ಏರು ಹತ್ತಿಸುತ್ತಿದ್ದ. ಈಗ ಸೈಕಲನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಿದ್ದ. ಹಿಂದಿನ ಗಾಲಿ ಹಪ್ಪಳದಂತೆ ಸೊಟ್ಟಗಾಗಿತ್ತು.

"ಪೇಟೆಯಲ್ಲಿ ರೆಡಿಮೇಡ್ ಗಾಲಿ ಹಾಕ್ಸಿದ್ದೆ ಅಕ್ಕ," ಅಂದ. "ಒಂದು ತಿಂಗ್ಳು ಬರಲಿಲ್ಲ. ದೇವರಾಜಣ್ಣಂಗೆ ಹೇಳು, ಬರೀ ನೋಡಿ ಎಂತ ಮಾಡೂದು ಅಂತ ಹೇಳಿದ್ರೂ ಸಾಕು."

ರೋಹಿಣಿ ಒಳಗೆ ಹೋಗಿ ಹೇಳಿದಳು. ದೇವರಾಜ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಹತ್ರ ಎಂತ ಕೇಳ್ತೆ? ನನ್ನ ಕೈ ಅಲ್ಲಿ ಬಿದ್ದಿತ್ತು ನೋಡು, ಅದ್ನೇ ಕೇಳು."

ಅವಳು ಟೀವಿಯ ಸದ್ದು ತಗ್ಗಿಸಿದಳು. ಆಮೇಲೆ ಅಂದಳು, "ನಿಮ್ಮ ಕೈ ಆಗೂದಿಲ್ಲ, ಆತು. ನನ್ನ ಕೈ ಅದೆ ಅಲ್ದಾ? ನೀವು ಹೇಳಿ, ನಾ ಮಾಡ್ತೆ."

ಆಗ ಅವನು ಅವಳನ್ನು ನೋಡಿದ. ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಪಾಂಡು ಹೊಸ ರಿಮ್ಮು, ಕಡ್ಡಿ ತಂದುಕೊಟ್ಟು ಹೋದ. ದೇವರಾಜ ಕುರ್ಚಿ ಹಾಕಿಸಿಕೊಂಡು ಜಗಲಿಯಲ್ಲಿ ಕೂತ. ರೋಹಿಣಿ ನಡುವಿನ ಗೋಣಿಯನ್ನು ತಾನೇ ಎತ್ತಿ ಬದಿಗಿಟ್ಟು, ಹಬ್ಬನ್ನು ಮಡಿಲಲ್ಲಿಟ್ಟುಕೊಂಡಳು. ಹಬ್ಬೆಂದರೆ ಗಾಲಿಯ ನಟ್ಟನಡುವಿನ ತುಂಡು. ಅದರ ಎರಡೂ ಬದಿಯ ಅಂಚಿನಲ್ಲಿ ತೂತುಗಳು. ಕಡ್ಡಿಯ ಒಂದು ತುದಿ ಅಲ್ಲಿ ಸಿಕ್ಕಿ, ಇನ್ನೊಂದು ತುದಿ ರಿಮ್ಮಿಗೆ ಹೋಗಿ, ಅಲ್ಲಿ ನಿಪ್ಪಲ್ಲು ಎನ್ನುವ ಪುಟ್ಟ ತಿರುಪು ಅದನ್ನು ಹಿಡಿದುಕೊಳ್ಳಬೇಕು. ನೋಡಿದರೆ ಇಷ್ಟೇ.

"ಒಂದು ಬಿಟ್ಟು ಒಂದು ಹಾಕು. ಹೊರಗಿಂದ ಒಳಗೆ. ಹೊರಗಿಂದ ಅಂದೆ ನಾ."

"ಹೊರಗಿಂದ್ಲೇ ಹಾಕಿದ್ದು."

"ಅದು ಒಳಗೆ ಮಾರಾಯ್ತಿ."

"ನೀವು ಕೂತ ಬದಿಯಿಂದ ಒಳಗೆ. ನಾ ಕೂತ ಬದಿಯಿಂದ ಅದು ಹೊರಗೆ."

ಇಂಥ ಮಾತಿನಲ್ಲೇ ಬೆಳಗು ಕಳೆಯಿತು. ದೇವರಾಜನಿಗೆ ಮಾಡಿ ಗೊತ್ತಿತ್ತೇ ಹೊರತು ಹೇಳಿ ಗೊತ್ತಿರಲಿಲ್ಲ. ಅವನ ಎಡಗೈ ಗಾಳಿಯಲ್ಲಿ ಏನೇನೋ ತೋರಿಸುತ್ತಿತ್ತು, ಬಲಗೈ ತೊಡೆಯ ಮೇಲೆ ಬಿದ್ದಲ್ಲೇ ಅಲುಗುತ್ತಿತ್ತು. ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ಹಾದುಹೋಗಬೇಕು. ಎರಡರ ಮೇಲಿಂದ, ಕೊನೆಯದರ ಅಡಿಯಿಂದ. ಅಲ್ಲಿಗೆ ಬಂದಾಗ ಮಾತ್ರ ರೋಹಿಣಿಗೆ ಯಾರೂ ಹೇಳಬೇಕಾಗಲಿಲ್ಲ. ನಾರನ್ನು ಮೇಲೆ ಕೆಳಗೆ ದಾಟಿಸಿ ರೂಢಿಯಾಗಿದ್ದ ಬೆರಳು ತಾನಾಗಿ ನಡೆಯಿತು. ದೇವರಾಜ ಬೈಯುವುದನ್ನು ನಿಲ್ಲಿಸಿ ನೋಡತೊಡಗಿದ.

ಕಡ್ಡಿಗಳೆಲ್ಲ ಏರಿದ ಮೇಲೆ, ಹಳೆಯ ಸೈಕಲ್ಲಿನ ಮುಂದಿನ ಗಾಲಿ ಹಿಡಿಯುವ ಕವಲನ್ನು ತಲೆಕೆಳಗಾಗಿ ಮರದ ದಿಮ್ಮಿಗೆ ಬಡಿದು ಮಾಡಿದ್ದ ಸ್ಟ್ಯಾಂಡಿನಲ್ಲಿ ಗಾಲಿಯನ್ನು ಸಿಕ್ಕಿಸಿ ತಿರುಗಿಸಿದರು. ಅದು ಅತ್ತಿತ್ತ ಓಲಾಡಿತು. ಇಲ್ಲಿ ಬಿಗಿ, ಅಲ್ಲಿ ಬಿಡು ಎನ್ನುತ್ತ ಸಂಜೆಯ ಹೊತ್ತಿಗೆ ಓಲಾಟ ನಿಂತಿತು. ರೋಹಿಣಿಯ ಹೆಬ್ಬೆರಳಿನಲ್ಲಿ ಗುಳ್ಳೆ ಎದ್ದಿತ್ತು. ಟ್ಯೂಬು, ಟೈರು ಏರಿಸಿ, ಗಾಳಿ ಹೊಡೆಯಲು ಪಂಪು ತಂದಳು.

ಪಂಪು ಹೋಗಲಿಲ್ಲ. ಗಾಳಿ ತುಂಬುವ ವಾಲ್ವು ಹೊರಬರುವ ಕಡೆಯಲ್ಲೇ ನಾಲ್ಕು ಕಡ್ಡಿಗಳು ಒತ್ತೊತ್ತಾಗಿ ಹಾದು, ಪಂಪಿನ ಬಾಯಿ ಅತ್ತ ನುಗ್ಗದಂತೆ ಬೇಲಿ ಹಾಕಿ ನಿಂತಿದ್ದವು. ಮೊದಲ ಕಡ್ಡಿ ಒಂದು ತೂತು ಆಚೆ ಬಿದ್ದಿತ್ತು. ಅಲ್ಲಿಂದ ಎಲ್ಲವೂ ಒಂದೊಂದು ತೂತು ಆಚೆ. ವಾಲ್ವಿನ ತೂತು ನೋಡಿ ಶುರುಮಾಡೆಂದು ಹೇಳಬೇಕಾಗಿದ್ದ ದೇವರಾಜ ಹೇಳಲು ಮರೆತಿದ್ದ.

ರೋಹಿಣಿ ಪಂಪನ್ನು ಈ ಕಡೆಯಿಂದ ತೂರಿಸಿ ನೋಡಿದಳು, ಆ ಕಡೆಯಿಂದ ತೂರಿಸಿ ನೋಡಿದಳು. "ಹ್ಯಾಂಗೆ ಹೊಡೆಯೂದು ಇದಕ್ಕೆ ಗಾಳಿ?"

"ಬಾಯಿಂದ ಊದು," ಅಂದ ದೇವರಾಜ. ಹಾಗೆಂದವನೇ ನಗತೊಡಗಿದ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ಹಿಂದಿನಂತೆಯೇ, ಬೇಲಿಯಾಚೆ ಕೇಳುವ ಹಾಗೆ. ಪಕ್ಕದ ಮನೆಯವರು ಇಣುಕಿದರು. ರೋಹಿಣಿಗೆ ಸಿಟ್ಟು ಬಂದಿತ್ತು, ಬೆರಳು ಉರಿಯುತ್ತಿತ್ತು. ಆದರೂ ಅವನ ನಗು ನಿಂತುಬಿಟ್ಟರೆ ಎಂಬ ಹೆದರಿಕೆಯಿಂದ ಏನೂ ಅನ್ನದೆ ಕೂತಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ.

ಮಾರನೆಯ ದಿನ ಎಲ್ಲ ಬಿಚ್ಚಿ ಮತ್ತೆ ಕಟ್ಟಿದಳು. ಪಾಂಡು ಪೆಟ್ಟಿಗೆ ಹೇರಿಕೊಂಡು ಹಾರ್ನು ಒತ್ತುತ್ತ ಹೋದ. ಎರಡು ಕಡ್ಡಿ ಸಡಿಲವಾದವೆಂದು ಒಮ್ಮೆ ಬಂದ, ಬಿಗಿಸಿಕೊಂಡು ಹೋದ. ಆಮೇಲೆ ಬರಲಿಲ್ಲ.

ಹೀಗೆ ಜಗಲಿಯ ಅಂಗಡಿ ಮತ್ತೆ ತೆರೆಯಿತು. ಸರ್ಕಾರ ಶಾಲೆಯ ಮಕ್ಕಳಿಗೆ ಕೊಡುತ್ತಿದ್ದ ಕಾಲದ ಸೈಕಲ್ಲುಗಳು ಮನೆಮನೆಯ ಹಿತ್ತಲಲ್ಲಿ ಬಿದ್ದಿದ್ದವು. ಕಡಲ ಗಾಳಿಯ ಉಪ್ಪಿಗೆ ಅವುಗಳ ಕಡ್ಡಿಗಳು ತಿಂದುಹೋಗಿದ್ದವು. ಒಬ್ಬೊಬ್ಬರೇ ತಂದರು. ಹೆಂಗಸು ಗಾಲಿ ಕಟ್ಟುವುದನ್ನು ನೋಡಲೆಂದೇ ಬಂದವರೂ ಇದ್ದರು. ಕೆಲವರು ಗಾಲಿಯನ್ನು ರೋಹಿಣಿಯ ಕೈಗೆ ಕೊಟ್ಟು, ಮಾತು ಮಾತ್ರ ದೇವರಾಜನ ಹತ್ತಿರ ಆಡುತ್ತಿದ್ದರು. "ಗಟ್ಟಿ ಬರ್ತದಾ ದೇವರಾಜಣ್ಣ?" "ಬರ್ತದೆ," ಅನ್ನುತ್ತಿದ್ದ ಅವನು, ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗಿ. "ನಾ ಹೇಳಿದ ಹಾಂಗೇ ಮಾಡೂದು ಅವಳು."

ರೋಹಿಣಿ ಕಡ್ಡಿ ಬಿಗಿಸುತ್ತಲೇ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಮೊದಮೊದಲು ಅದು ನಿಜವೂ ಆಗಿತ್ತು. ಆದರೆ ಬೇಸಗೆ ಬರುವ ಹೊತ್ತಿಗೆ ಅವಳು ಅವನು ಹೇಳದ ಕೆಲಸವನ್ನೂ ಮಾಡತೊಡಗಿದ್ದಳು. ನಿಪ್ಪಲ್ಲು ಏರಿಸುವ ಮೊದಲು ಕಡ್ಡಿಯ ತುದಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದುತ್ತಿದ್ದಳು, ತುಕ್ಕು ಹಿಡಿದು ಕಚ್ಚಿಕೊಳ್ಳದಿರಲೆಂದು. ಅವನು ಕಡ್ಡಿಯನ್ನು ಬಾರಿಸಿ ಕಿವಿಯಲ್ಲಿ ಕೇಳುತ್ತಿದ್ದ. ಅವಳು ಕಣ್ಣು ಮುಚ್ಚಿ ಎರಡೆರಡು ಕಡ್ಡಿಗಳನ್ನು ಸೇರಿಸಿ ಹಿಂಡಿ ನೋಡುತ್ತಿದ್ದಳು. "ಅದೆಂತ ಹಸುವಿನ ಹಾಲು ಕರೆದ ಹಾಂಗೆ?" ಎಂದು ಅವನು ರೇಗುತ್ತಿದ್ದ. ಕೆಲವು ದಿನ ಬೇಕೆಂದೇ ಹೊರಗೆ ಬಾರದೆ ಒಳಗೆ ಟೀವಿ ಮುಂದೆ ಕೂತು, ಅವಳಾಗಿ ಏನಾದರೂ ಕೇಳಲಿ ಎಂದು ಕಾಯುತ್ತಿದ್ದ. ಅವಳಿಗದು ಗೊತ್ತಾಗುತ್ತಿತ್ತು. ಕೇಳಬೇಕಾದ್ದೇನೂ ಇರದಿದ್ದರೂ ಏನಾದರೊಂದು ಕೇಳುತ್ತಿದ್ದಳು. ಒಮ್ಮೊಮ್ಮೆ ಬೇಸರ ಬಂದು ಕೇಳದೆಯೂ ಇರುತ್ತಿದ್ದಳು.

ಆ ಬೇಸಗೆಯಲ್ಲೇ ರಮಾನಂದ ಬಂದದ್ದು.

ರಮಾನಂದ ಮುರ್ಡೇಶ್ವರದ ಕಡಲ ದಂಡೆಯ ದಾರಿಯಲ್ಲಿ ಹುರಿದ ಶೇಂಗಾ ಮಾರುವವನು. ಚಿಕ್ಕಂದಿನ ಪೋಲಿಯೋದಿಂದ ಎರಡೂ ಕಾಲು ಸಣಕಲಾಗಿದ್ದವು. ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿಯೇ ಅವನಿಗೆ ಕಾಲು, ಅದೇ ಅಂಗಡಿ. ಆ ಗಾಡಿಯ ಹಿಂದಿನ ಗಾಲಿಗಳು ವರ್ಷಕ್ಕೆ ಎರಡು ಸಲವಾದರೂ ಕುಸಿಯುತ್ತಿದ್ದವು. ಈ ಸಲ ಕುಸಿದದ್ದು ಹೆದ್ದಾರಿ ದಾಟುವಾಗ. ಅವನು ಗಾಡಿ ಸಮೇತ ಮಗುಚಿ ಬಿದ್ದಿದ್ದ. ಬರುತ್ತಿದ್ದ ಲಾರಿ ಪುಣ್ಯಕ್ಕೆ ನಿಂತಿತ್ತು. ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು, ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದಿದ್ದ.

"ಬಿದ್ದದ್ದು ಎಂತದೂ ಅಲ್ಲ ತಂಗಿ," ಅಂದ. "ಶೇಂಗಾ ಎಲ್ಲ ರಸ್ತೆ ತುಂಬಾ ಚೆಲ್ತು. ಅದನ್ನ ಹೆಕ್ಕೂಕೆ ಕೂತವರು ಇಬ್ರು, ನನ್ನ ಎತ್ತೂಕೆ ಬಂದವ ಒಬ್ನೇ." ನಗುತ್ತಲೇ ಹೇಳಿದ. ಆದರೆ ಮತ್ತೆ ಆ ರಸ್ತೆ ದಾಟಲು ಅವನಿಗೆ ಧೈರ್ಯವಿಲ್ಲವೆಂಬುದು ಅವನು ಮುರಿದ ಗಾಲಿಯನ್ನು ನೋಡುತ್ತಿದ್ದ ರೀತಿಯಲ್ಲೇ ಕಾಣುತ್ತಿತ್ತು.

ದೇವರಾಜ ಅಂದ, "ಮೂರು ಗಾಲಿ ಗಾಡಿ ಗಾಲಿ ಬಾಳೂದಿಲ್ಲ ರಮಾನಂದಣ್ಣ. ನಾ ಎಷ್ಟು ಕಟ್ಟಿದ್ದೆ ನಿಂಗೆ? ಅದರ ಹಣೆಬರ ಅಷ್ಟೆ. ಇನ್ನೊಂದು ಕಟ್ಟಿಕೊಡ್ತಾಳೆ, ತಗಂಡು ಹೋಗು."

ರೋಹಿಣಿ ಆ ದಿನ ಕಟ್ಟಲಿಲ್ಲ. ಗಾಡಿಗೆ ಜಗಲಿಯಲ್ಲಿದ್ದ ಹಳೆಯ ಗಾಲಿ ಹಾಕಿ, "ಅಂಗಳದಲ್ಲೇ ಒಂದು ಸುತ್ತು ಹೊಡೀರಿ," ಎಂದು ರಮಾನಂದನನ್ನು ಕೂರಿಸಿ, ತಾನು ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಗಾಡಿ ತಿರುಗಿದಾಗ ಅವನ ಭಾರವೆಲ್ಲ ಹೊರಗಿನ ಗಾಲಿಯ ಮೇಲೆ ಅಡ್ಡಕ್ಕೆ ಬೀಳುತ್ತಿತ್ತು. ಎರಡು ಗಾಲಿಯ ಸೈಕಲ್ಲು ತಿರುಗುವಾಗ ವಾಲುತ್ತದೆ, ಗಾಲಿಯ ಮೇಲಿನ ಭಾರ ನೆಟ್ಟಗೇ ಇರುತ್ತದೆ. ಮೂರು ಗಾಲಿಯದು ವಾಲಲಾರದು. ಅದಲ್ಲದೆ, ಇಷ್ಟು ವರ್ಷ ಅದಕ್ಕೆ ಹಾಕುತ್ತಿದ್ದದ್ದು ಸೈಕಲ್ಲಿನ ಹಿಂದಿನ ಗಾಲಿ. ಚೈನಿನ ಚಕ್ರಕ್ಕೆ ಜಾಗ ಬಿಡಬೇಕೆಂದು ಅದರ ಒಂದು ಬದಿಯ ಕಡ್ಡಿಗಳು ಬಿಗಿ, ಇನ್ನೊಂದು ಬದಿಯವು ಸಡಿಲ. ಈ ಗಾಡಿಯ ಹಿಂದೆ ಚೈನೇ ಇಲ್ಲ, ಅಡ್ಡ ಭಾರ ಬಿದ್ದರೆ ಸಡಿಲ ಬದಿ ಸುಮ್ಮನೆ ಮಣಿಯುತ್ತಿತ್ತು.

"ಎರಡೂ ಬದಿ ಸಮ ಬರೂ ಹಾಂಗೆ ಕಟ್ಟಿದ್ರೆ?" ಅಂದಳು ಗಂಡನಿಗೆ, ರಮಾನಂದ ಗಾಡಿ ಬಿಟ್ಟು ಹೋದ ಮೇಲೆ. "ದಪ್ಪ ಕಡ್ಡಿ. ಅಗಲದ ಹಬ್ಬು."

"ಅಂಥ ಹಬ್ಬು ಎಲ್ಲಿತ್ತು ಈಗ?"

"ನೀವೇ ಹೇಳಿ."

ದೇವರಾಜ ಊಟಕ್ಕೆ ಎದ್ದ. ತಾನು ಇಷ್ಟು ವರ್ಷ ಹಣೆಬರಹವೆಂದು ಹೇಳುತ್ತ ಬಂದದ್ದನ್ನು ಅವಳು ಅಂಗಳದಲ್ಲಿ ಕೂತು ಬಿಡಿಸಿದ್ದು ಅವನಿಗೆ ಅಷ್ಟು ಸಲೀಸಾಗಿ ಜೀರ್ಣವಾಗುವಂಥದಲ್ಲ. ಊಟ ಮಾಡಿ, ಎಡಗೈಯಲ್ಲೇ ಮಜ್ಜಿಗೆ ಕುಡಿದು, ಕೊನೆಗೆ ಅಂದ: "ಕುಮಟೆಯಲ್ಲಿ ಅನಂತಮೂರ್ತಿ ಅಂತ ಇದ್ರು. ಹಳೇ ಸೈಕಲ್ ಸಾಮಾನಿನವರು. ಕೈಗಾಡಿ ಹಬ್ಬು ಇಡ್ತಿದ್ರು ಆವಾಗ. ಈಗ ಅಂಗಡಿ ಇತ್ತೋ ಇಲ್ವೋ."

"ಹೋಗಿ ನೋಡ್ವಾ."

"ನಾನೂ?"

"ಅವ್ರ ಗುರ್ತ ನಿಮಗೇ ಅಲ್ದಾ?"

ಲಕ್ವ ಹೊಡೆದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಅವನು ಬಸ್ಸು ಹತ್ತಿರಲಿಲ್ಲ. ಹತ್ತಿಸುವಾಗ ಕಂಡಕ್ಟರನೂ ಕೈ ಕೊಟ್ಟ. ರೋಹಿಣಿ ಅವನನ್ನು ಕಿಟಕಿಯ ಬದಿಗೆ ಕೂರಿಸಿದಳು. ಮಂಕಿ, ಕಾಸರಕೋಡು ದಾಟಿ ಶರಾವತಿಯ ಸೇತುವೆ ಬಂದಾಗ ಗಾಳಿ ಒಮ್ಮೆಲೇ ತಂಪಾಯಿತು. ದೇವರಾಜ ಮುಖವನ್ನು ಕಿಟಕಿಗೆ ಒಡ್ಡಿದ. ಕೆಳಗೆ ಅಳಿವೆಯ ನೀರು ಹರವಾಗಿ ಬಿದ್ದಿತ್ತು, ದೋಣಿಗಳು ನಿಂತಿದ್ದವು. ಹೊನ್ನಾವರದ ನಿಲ್ದಾಣದಲ್ಲಿ ಬಸ್ಸು ಹೊತ್ತು ಮಾಡಿತು. ಅವಳು ಇಳಿದು ಚಾ ತಂದಳು. ಅವನು ಎಡಗೈಯಲ್ಲಿ ಲೋಟ ಹಿಡಿದು, ಒಂದು ಹನಿಯೂ ಚೆಲ್ಲದೆ ಕುಡಿದ.

ಕುಮಟೆಯ ಅಂಗಡಿ ಇನ್ನೂ ಇತ್ತು, ಆದರೆ ಮುಚ್ಚುವ ಹಂತದಲ್ಲಿತ್ತು. ಮುಂಭಾಗದಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಹಿಂಭಾಗದ ಕತ್ತಲಲ್ಲಿ ಕೂತಿದ್ದ ಅನಂತಮೂರ್ತಿಗೆ ಎಂಬತ್ತು ದಾಟಿತ್ತು. ದೇವರಾಜನನ್ನು ಗುರುತಿಸಲು ಕನ್ನಡಕ ಏರಿಸಬೇಕಾಯಿತು, ಗುರುತಿಸಿದ ಮೇಲೆ ಅವನ ಕೈ ನೋಡಿ ಕನ್ನಡಕ ತೆಗೆದರು.

"ಬಲಗೈಯಾ?" ಎಂದು ಮೆತ್ತಗೆ ಕೇಳಿದರು.

"ಹೌದು."

ಅವರು ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಎಣ್ಣೆ ಕಾಗದದಲ್ಲಿ ಸುತ್ತಿದ ಅಗಲದ ಹಬ್ಬುಗಳು. ಎರಡೂ ಬದಿ ಸಮ. ಜೊತೆಗೆ ದಪ್ಪ ಕಡ್ಡಿಗಳ ಕಟ್ಟು, ಅದಕ್ಕೆ ಹೊಂದುವ ರಿಮ್ಮು. ಸೋಡಾ ಗಾಡಿಗಳಿದ್ದ ಕಾಲದ್ದು. ರೋಹಿಣಿ ಹಬ್ಬನ್ನು ಕೈಗೆತ್ತಿಕೊಂಡು, ಅದರ ಅಚ್ಚನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ, ತೂತಿನಲ್ಲಿ ಕಡ್ಡಿ ತೂರಿಸಿ ನೋಡಿದಳು. ಮುದುಕರು ಅವಳನ್ನು ನೋಡಿದರು, ದೇವರಾಜನನ್ನು ನೋಡಿದರು.

"ಸಾಮಾನು ಕೊಡೂಕೆ ಅಡ್ಡಿಲ್ಲ. ಆದ್ರೆ ನಿಂಗೆ ಕೈ ಇಲ್ಲ. ಕಟ್ಟೂದು ಯಾರು?"

ರೋಹಿಣಿ ಹಬ್ಬಿನಿಂದ ತಲೆಯೆತ್ತಲಿಲ್ಲ. ಅವನು ಏನು ಹೇಳುತ್ತಾನೆಂಬುದು ಅವಳಿಗೆ ಬಾಯಿಪಾಠವಾಗಿತ್ತು.

"ಇವಳು ಕಟ್ತಾಳೆ," ಅಂದ ದೇವರಾಜ. ಒಂದು ಕ್ಷಣ ಬಿಟ್ಟು, "ಈ ಹಬ್ಬು ಬೇಕು ಅಂತ ಹೇಳಿದ್ದೂ ಇವಳೇ. ನಂಗೆ ಹೊಳೆದಿರಲಿಲ್ಲ," ಎಂದ.

ಅನಂತಮೂರ್ತಿ ತಲೆಯಾಡಿಸಿ ಸಾಮಾನು ಕಟ್ಟತೊಡಗಿದರು. ಅವರಿಗದು ಬರೀ ಉತ್ತರ. ರೋಹಿಣಿಯ ಕಣ್ಣು ಮಾತ್ರ ಮಂಜಾಯಿತು. ಹಬ್ಬನ್ನು ಬೆಳಕಿಗೆ ಹಿಡಿದು ನೋಡುವವಳಂತೆ ಬಾಗಿಲ ಕಡೆ ತಿರುಗಿಕೊಂಡಳು.

ಗಾಲಿಗಳನ್ನು ಕಟ್ಟಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ದಪ್ಪ ಕಡ್ಡಿ ಸುಲಭವಾಗಿ ಬಗ್ಗದು. ಹಾದು ಹೋಗುವಲ್ಲಿ ಬಲ ಹಾಕಿ ಒತ್ತಬೇಕು. ಒಂದೆಡೆ ಅವಳ ಎರಡು ಕೈ ಸಾಲದೆ ಬಂದಾಗ ದೇವರಾಜ ಕುರ್ಚಿಯಿಂದ ಇಳಿದು, ನೆಲದ ಮೇಲೆ ಕಾಲು ಚಾಚಿ, ರಿಮ್ಮನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು, ಎಡಗೈಯಲ್ಲಿ ಕಡ್ಡಿ ಒತ್ತಿಕೊಟ್ಟ. "ಹಿಡಿದಿದ್ದೆ. ತಿರುಪು," ಅಂದ. ಎರಡನೆಯ ಗಾಲಿಯನ್ನು ಪೂರ್ತಿ ಹಾಗೆಯೇ, ಒಟ್ಟಿಗೇ ಕಟ್ಟಿದರು. ಹೆಚ್ಚು ಮಾತಿರಲಿಲ್ಲ. ಕೊನೆಗೆ ಅವನು ಕಡ್ಡಿಗಳನ್ನು ಬಾರಿಸಿ ಕೇಳಿದ, ಅವಳು ಹಿಂಡಿ ನೋಡಿದಳು; ಇಬ್ಬರಿಗೂ ಅನುಮಾನ ಬಂದ ಒಂದು ಕಡ್ಡಿಯನ್ನು ಸರಿಮಾಡಿದರು.

ಹೊಸ ಗಾಲಿಯ ಗಾಡಿಯನ್ನು ರಮಾನಂದ ಮೊದಲು ಅಂಗಳದಲ್ಲಿ ತಿರುಗಿಸಿದ, ಆಮೇಲೆ ಓಣಿಯಲ್ಲಿ. ಆಮೇಲೆ ಹೆದ್ದಾರಿಯ ಬಾಯಿಗೆ ಹೋಗಿ ನಿಂತ. ರೋಹಿಣಿ ಹಿಂದೆಯೇ ನಡೆದುಬಂದಿದ್ದಳು.

"ನಾನೂ ಬತ್ತೆ, ಜೊತೆಗೆ ದಾಟ್ವಾ," ಅಂದಳು.

"ಬೇಡ ತಂಗಿ. ದಿನಾ ಬರೂಕೆ ಆಗ್ತದಾ ನಿಂಗೆ?"

ಎರಡು ಬಸ್ಸು, ಒಂದು ಟ್ಯಾಂಕರು ಹೋಗುವವರೆಗೆ ಕಾದು, ಅವನು ಕೈಹಿಡಿಕೆಗಳನ್ನು ತಿರುಗಿಸಿದ. ರಸ್ತೆಯ ಆ ಅಂಚಿನಲ್ಲಿ ತಟ್ಟನೆ ತಿರುಗಬೇಕಾದಲ್ಲಿ ಅವಳ ಕಣ್ಣು ಹೊರಗಿನ ಗಾಲಿಯ ಮೇಲೇ ಇತ್ತು. ಗಾಲಿ ಕಿರುಗುಟ್ಟಲಿಲ್ಲ, ಬಗ್ಗಲಿಲ್ಲ. ಆಚೆ ದಡದಲ್ಲಿ ಅವನು ನಿಂತು, ಹಿಂತಿರುಗಿ, ಬ್ಯಾಂಡೇಜಿನ ಕೈ ಎತ್ತಿದ.

ಆ ಮಳೆಗಾಲವಿಡೀ ಆ ಗಾಲಿಗಳು ನಿಂತವು, ಅದರ ಮರುವರ್ಷವೂ. ಭಟ್ಕಳದಲ್ಲಿ ಅಂಥದೇ ಗಾಡಿಯಲ್ಲಿ ಓಡಾಡುವ ಇನ್ನಿಬ್ಬರಿಗೆ ರಮಾನಂದನೇ ಹೇಳಿ ಕಳಿಸಿದ. ಹೊನ್ನಾವರದಿಂದಲೂ ಒಬ್ಬ ಹೆಣ್ಣುಮಗಳು ತನ್ನ ಅಣ್ಣನ ಟೆಂಪೋದಲ್ಲಿ ಗಾಡಿ ತಂದಳು. ಅನಂತಮೂರ್ತಿ ಅಂಗಡಿ ಮುಚ್ಚುವಾಗ ಅಟ್ಟದಲ್ಲಿ ಉಳಿದಿದ್ದ ಹಬ್ಬುಗಳನ್ನೆಲ್ಲ ಬಸ್ಸಿಗೆ ಹಾಕಿ ಮಾವಳ್ಳಿಗೆ ಕಳಿಸಿದರು.

ರೋಹಿಣಿ ಮಲ್ಲಿಗೆಯನ್ನು ಬಿಡಲಿಲ್ಲ. ಗಿಡ ಸ್ವಲ್ಪ ಕಡಿಮೆ ಮಾಡಿದ್ದಾಳೆ ಅಷ್ಟೆ. ಬೆಳಿಗ್ಗೆ ಹೂವು ಮುಗಿಸಿ, ಸಾಬೂನಿನಲ್ಲಿ ಕೈ ತೊಳೆದು, ಗಾಲಿಗೆ ಕೂರುತ್ತಾಳೆ. ದೇವರಾಜನ ಬಲಗೈ ಹಾಗೆಯೇ ಇದೆ. ಎಡಗೈಯಲ್ಲಿ ಪಂಕ್ಚರ್ ಹಾಕುವುದನ್ನು ರೂಢಿಸಿಕೊಂಡಿದ್ದಾನೆ; ಟೈರು ಬಿಡಿಸಲು ಹಲ್ಲು ಕಚ್ಚಿ ಹೆಣಗುತ್ತಾನೆ, ಯಾರಾದರೂ ಸಹಾಯಕ್ಕೆ ಬಂದರೆ ಗದರುತ್ತಾನೆ. ಹೊಸ ಗಿರಾಕಿ ಯಾರಾದರೂ ಬಂದು, ಗಾಲಿ ಕಟ್ಟುವವರು ಯಾರೆಂದು ಕೇಳಿದರೆ ಕೆಲಸದಿಂದ ಕಣ್ಣೆತ್ತದೆ ಗಲ್ಲದಿಂದಲೇ ಅವಳ ಕಡೆ ತೋರಿಸುತ್ತಾನೆ. ಅವರು ನಿಂತೇ ಇದ್ದರೆ, "ಅವಳ ಹತ್ರವೇ ಮಾತಾಡು ಮಾರಾಯ, ನಂಗೆ ಕೆಲ್ಸ ಅದೆ," ಎನ್ನುತ್ತಾನೆ.